ಸತುವಿನ ಜ್ವರ

ಸಾಲ್ಮಿರಾಂತಾ, ಫಿನ್ಲೆಂಡ್
ಅಕ್ಟೋಬರ್ 19, ಶನಿವಾರ

ಪ್ರೀತಿಯ ತಮ್ಮ ಡೈನ್ಯುಸ್,

ಎಲ್ಲಕ್ಕಿಂತ ಮೊದಲು ನಿನ್ನ ಎದೆ ಹೇಗಿದೆ ಹೇಳು. ಕೆಮ್ಮು ಇದೆಯೆ? ಏಣಿ ಹತ್ತಿದರೆ ಉಸಿರು ಸಾಲುತ್ತದೆಯೆ? ನಾರ್ವೆಯ ಆ ಕರಾವಳಿಯಲ್ಲಿ ವರ್ಷದ ಮುಕ್ಕಾಲು ಪಾಲು ಮಳೆಯಂತೆ. ಒದ್ದೆ ಕಾಲುಚೀಲದಲ್ಲೇ ದಿನ ತಳ್ಳುವ ನಿನ್ನ ಹಳೆಯ ಚಾಳಿಯನ್ನು ಅಲ್ಲಾದರೂ ಬಿಟ್ಟಿದ್ದೀಯೋ ಇಲ್ಲವೋ. ಊಟದ ವಿಚಾರ ಕೇಳುವುದಿಲ್ಲ, ಕೇಳಿದರೆ ನನಗೇ ಸಿಟ್ಟು ಬರುತ್ತದೆ. ಕಪ್ಪು ಬ್ರೆಡ್ಡಿನ ಮೇಲೆ ಹೊಗೆಯಲ್ಲಿಟ್ಟ ಮೀನು ಹರಡಿಕೊಂಡು, ಅದನ್ನೇ ಮೂರು ಹೊತ್ತು ತಿಂದು, ಅಡುಗೆ ಮಾಡಿಕೊಂಡೆ ಎಂದು ಹೇಳುವವನು ನೀನು. ವಾರಕ್ಕೊಂದು ಸಲವಾದರೂ ಬೀಟ್‌ರೂಟ್ ಸಾರು ಕಾಯಿಸಿಕೋ. ಮಾಡುವುದು ಮರೆತಿದ್ದರೆ ಮುಂದಿನ ಕಾಗದದಲ್ಲಿ ಬರೆಯುತ್ತೇನೆ; ಈ ಕಾಗದದಲ್ಲಿ ಅದಕ್ಕೆ ಜಾಗವಿಲ್ಲ.

ಏಳು ತಿಂಗಳಿಂದ ನಿನ್ನ ಫೋನು ಬಡಿದುಕೊಳ್ಳುತ್ತದೆ, ನೀನು ಎತ್ತುವುದಿಲ್ಲ. ವಿಳಾಸ ಕೊಟ್ಟದ್ದು ಚೆಸ್ಲೋವಾಸ್ ಮೇಸ್ತ್ರಿ. ಇಲ್ಲಿಯ ಶಿಪ್‌ಯಾರ್ಡಿನಲ್ಲಿ ಹತ್ತು ವರ್ಷ ನೀನೂ ನಿನ್ನ ಭಾವನೂ ಅವರ ಕೈಕೆಳಗೇ ಬೆಸುಗೆ ಹಾಕಿದಿರಿ, ನಿನ್ನ ಗುಟ್ಟು ಅವರ ಹತ್ತಿರ ಇಲ್ಲದೆ ಇನ್ನೆಲ್ಲಿರುತ್ತದೆ? ಮೂರು ಸಲ ಕೇಳಿದೆ, ಮೂರು ಸಲವೂ ಗೊತ್ತಿಲ್ಲ ಎಂದರು. ನಾಲ್ಕನೆಯ ಸಲ ಒಂದು ಸಿಗರೇಟು ಪೆಟ್ಟಿಗೆಯ ಮೇಲೆ ಬರೆದು ನನ್ನ ಕೈಗಿಟ್ಟು, "ಕೊಟ್ಟಿದ್ದು ನಾನು ಅಂತ ಅವನಿಗೆ ಹೇಳ್ಬೇಡ ಟೀಚರಮ್ಮ, ನನ್ನ ಮೀಸೆ ಮರ್ಯಾದೆ ಹೋಗುತ್ತೆ" ಎಂದರು. ಮೀಸೆಯೇ ಇಲ್ಲದ ಮನುಷ್ಯ. ಅದನ್ನೂ ನಿನಗೆ ಬರೆದುಬಿಟ್ಟೆ, ನೋಡು. ನಾನು ಶಾಲೆ ಬಿಟ್ಟು ಹನ್ನೊಂದು ವರ್ಷವಾಯಿತು. ಯಾರ್ಡಿನ ಗೇಟಿನ ಕೋಣೆಯಲ್ಲಿ ಕೂತು ಹೊಸಬರಿಗೆ ಸುರಕ್ಷತೆಯ ಪಾಠ ಹೇಳುತ್ತೇನೆ, ಅವರಿಗೂ ಫಿನ್ನಿಷರಿಗೂ ನಡುವೆ ಮಾತು ದಾಟಿಸುತ್ತೇನೆ. ಆದರೂ ಅವರಿಗೆ ನಾನಿನ್ನೂ ಟೀಚರಮ್ಮ.

ಅಮ್ಮನ ಎಡಗಣ್ಣಿನ ಪೊರೆ ಮಾರ್ಚ್‌ನಲ್ಲಿ ತೆಗೆಸಿದ್ದು ನಿನಗೆ ಗೊತ್ತು. ಸೆಪ್ಟೆಂಬರಿನಲ್ಲಿ ಬಲಗಣ್ಣಿನದೂ ಆಯಿತು. ಈಗ ಎಲ್ಲವೂ ಕಾಣುತ್ತದೆ, ಅದೇ ದೊಡ್ಡ ತೊಂದರೆ. ಕಿಟಕಿಯ ಸಂದಿ, ಒಲೆಯ ಹಿಂಭಾಗ, ಪಕ್ಕದ ಮನೆಯವಳ ಬಾಲ್ಕನಿ, ಎಲ್ಲ ಕಡೆಯೂ ಧೂಳು. "ಇಷ್ಟು ವರ್ಷ ಈ ಕೊಳೇಲೇ ಕೂತಿದ್ನಾ ನಾನು? ನೀವೆಲ್ಲ ನೋಡ್ಕೊಂಡು ಸುಮ್ನಿದ್ರಾ?" ಎಂದು ಪ್ರತಿ ಭಾನುವಾರ ಫೋನಿನಲ್ಲಿ ನನ್ನನ್ನು ವಿಚಾರಿಸಿಕೊಳ್ಳುತ್ತಾಳೆ. ಆಮೇಲೆ ದನಿ ತಗ್ಗಿಸಿ ನಿನ್ನ ವಿಚಾರ ಕೇಳುತ್ತಾಳೆ. ನವೆಂಬರ್ ಎರಡಕ್ಕೆ ಸತ್ತವರ ದಿನ. ಬಿಳಿ ಸೇವಂತಿಗೆಯ ಕುಂಡಗಳಿಗೆ ಹೇಳಿಟ್ಟಿದ್ದಾಳೆ, ಮೇಣದ ದೀಪಗಳನ್ನು ತಂದು ಮಂಚದ ಕೆಳಗೆ ಜೋಡಿಸಿದ್ದಾಳೆ. "ನಿಮ್ಮಪ್ಪನ ಗೋರಿ, ಅವನ ಭಾವನ ಗೋರಿ, ಎರಡೂ ಒಂದೇ ಸಾಲಲ್ಲಿವೆ. ಒಂದೇ ಬಸ್ಸಿಗೆ ಎರಡೂ ಮುಗಿಯುತ್ತೆ, ಬಾ ಅಂತ ಬರಿ" ಎಂದಿದ್ದಾಳೆ. ಬರೆದಿದ್ದೇನೆ. ನೀನು ಬರುತ್ತೀಯೋ ಇಲ್ಲವೋ ಎಂಬುದೇ ಈ ಮನೆಯಲ್ಲಿ ಈಗ ಉಳಿದಿರುವ ಪ್ರಶ್ನೆ.

ಯಾಕೆ ಬರುವುದಿಲ್ಲ ಎಂದು ನನಗೆ ಗೊತ್ತು. ನನ್ನ ಅರೂನಾಸ್‌ನನ್ನು ಮಣ್ಣು ಮಾಡಿದ ದಿನ ಎಲ್ಲರೂ ಒಬ್ಬೊಬ್ಬರಾಗಿ ಬಾಗಿ ಒಂದು ಹಿಡಿ ಮರಳು ಹಾಕಿದರು. ನಿನ್ನ ಸರದಿ ಬಂದಾಗ ನೀನು ಕೈಗಳನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಹಾಗೇ ನಿಂತೆ. ಅಮ್ಮನಿಗೆ ಆಗ ಒಂದು ಕಣ್ಣಿಗೆ ಪಟ್ಟಿ ಇತ್ತು, ನೋಡಲಿಲ್ಲ. ನಾನು ನೋಡಿದೆ. ಸಾವಿನ ಊಟಕ್ಕೂ ಕೂರದೆ ಹೊರಟೆ. ವಾರ ಕಳೆಯುವುದರೊಳಗೆ ಇಲ್ಲಿಯ ಕೆಲಸ ಬಿಟ್ಟೆ, ನಮ್ಮ ಮನೆಯ ಹಿಂದಿನ ಕೋಣೆ ಖಾಲಿ ಮಾಡಿ ಬೀಗದ ಕೈಯನ್ನು ಅಂಚೆಡಬ್ಬಿಗೆ ಹಾಕಿ ಹೋದೆ. ಭಾವನ ಸಾವು ನಿನ್ನ ಕೈಯಿಂದ ಆಯಿತು ಎಂದು ನೀನು ತೀರ್ಮಾನಿಸಿಕೊಂಡಿದ್ದೀಯ. ಅದಕ್ಕೇ ಆ ಮೂರು ದಿನಗಳನ್ನು ಒಂದು ಸಲ, ಮೊದಲಿನಿಂದ, ಸಾಲಾಗಿ ಬರೆಯಬೇಕು ಅನ್ನಿಸಿದೆ. ಓದಲು ಕಷ್ಟವಾದರೆ ನಿಲ್ಲಿಸು, ಚಹಾ ಕುಡಿದು ಮತ್ತೆ ಓದು. ಆದರೆ ಪೂರ್ತಿ ಓದು.

ಎಲ್ಲಿಂದ ಶುರು ಮಾಡಲಿ? ಅಪ್ಪನಿಂದಲೇ ಮಾಡಬೇಕು. ನಮ್ಮೂರು ಕ್ಲೈಪೆಡಾದ ಯಾರ್ಡಿನಿಂದ ಅಪ್ಪ ಕೆಲವು ಸೋಮವಾರ ನಡುಗುತ್ತ ಬರುತ್ತಿದ್ದ. ಸತು ಬಳಿದ ತಗಡನ್ನೋ ಕೊಳವೆಯನ್ನೋ ಸುಟ್ಟರೆ ಏಳುವ ಬಿಳಿ ಹೊಗೆ ಕುಡಿದವರಿಗೆ ಸಂಜೆ ಹೊತ್ತಿಗೆ ಚಳಿ, ಮೈಕೈ ನೋವು, ಜ್ವರ. ಬೆಳಗಾದರೆ ಏನೂ ಇಲ್ಲ. ಭಾನುವಾರ ಬಿಟ್ಟು ಮತ್ತೆ ಹೊಗೆಗೆ ಹೋದ ದಿನವೇ ಅದು ಹೆಚ್ಚು. ಅಪ್ಪ ಬೂಟು ಬಿಚ್ಚುವ ಮೊದಲೇ ಅಮ್ಮ ಹಾಲಿನ ಪಾತ್ರೆ ಒಲೆಯ ಮೇಲಿಡುತ್ತಿದ್ದಳು. ಹಾಲು ಸತುವನ್ನು ತೊಳೆದುಬಿಡುತ್ತದೆ ಎಂದು ಆ ಬೀದಿಯ ಎಲ್ಲ ಹೆಂಗಸರಿಗೂ ಗೊತ್ತಿತ್ತು. ನನಗೆ ಹತ್ತು, ನಿನಗೆ ಐದು. ಅಪ್ಪನ ಮೇಲೆ ಎಷ್ಟು ಕಂಬಳಿ ಹೊದಿಸಿದರೂ ಮಂಚ ಕಿರುಗುಟ್ಟುತ್ತಿತ್ತು, ನೀನು ಅದರ ಕಾಲು ಹಿಡಿದುಕೊಂಡು ನಗುತ್ತಿದ್ದೆ. ಬೆಳಗ್ಗೆ ಎದ್ದು ಅಪ್ಪ ಹಂದಿ ಕೊಬ್ಬಿನಲ್ಲಿ ಹುರಿದ ಆಲೂಗಡ್ಡೆ ಎರಡು ತಟ್ಟೆ ತಿಂದು ಕೆಲಸಕ್ಕೆ ಹೋಗುತ್ತಿದ್ದ. ಹತ್ತೊಂಬತ್ತಕ್ಕೆ ನೀನೂ ವೆಲ್ಡರ್ ಆದೆ. ಮೊದಲ ಸಲ ಆ ಚಳಿ ಬಂದಾಗ ವಿಲ್ನ್ಯುಸ್‌ನ ಹಾಸ್ಟೆಲಿಗೆ ನನಗೆ ಫೋನ್ ಮಾಡಿ, ಹಲ್ಲು ಕಡಿಯುತ್ತಲೇ, "ಅಕ್ಕಾ, ನಂಗೂ ಬಂತು" ಎಂದು ಬಡ್ತಿ ಸಿಕ್ಕವನಂತೆ ಹೇಳಿದ್ದೆ. ನಾನು ಆಗ ಸಾಹಿತ್ಯದ ದೊಡ್ಡ ಪರೀಕ್ಷೆಗೆ ಓದುತ್ತಿದ್ದೆ, ಸಂತೋಷವಾಗಿ ಇಡೀ ಸಾಲು ಕೋಣೆಗಳಿಗೆ ಹೇಳಿಕೊಂಡು ಬಂದೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ಕಾಯಿಲೆ ಎನ್ನಲಿಲ್ಲ. ಅದಕ್ಕೆ ಡಾಕ್ಟರನ್ನು ಕರೆದವರನ್ನು ನಾನು ಕಂಡಿಲ್ಲ.

ಈಗ ಈ ಮಾರ್ಚ್. ಹಡಗು ಒಪ್ಪಿಸುವ ದಿನ ಹತ್ತಿರ ಬಂದು ಕೆಲಸ ಹಿಂದೆ ಬಿದ್ದಿತ್ತು. ಒಂದೇ ಒಡಲಿನಲ್ಲಿ ಮೂರು ಸಾವಿರ ಗಂಡಸರು. ಬೆಸುಗೆಯವರ ಪಕ್ಕದಲ್ಲೇ ಬಣ್ಣದವರು, ಅವರ ತಲೆಯ ಮೇಲೆ ವಯರಿನವರು. ನೀವು ತಳದ ಟ್ಯಾಂಕಿನಲ್ಲಿ ಮಲಗಿಕೊಂಡು ಬೆಸುಗೆ ಹಾಕುತ್ತಿದ್ದಿರಿ. ಹೊಗೆ ಎಳೆಯುವ ಕೊಳವೆಗಳು ದಾರಿಗೆ ಅಡ್ಡ ಎಂದು ಯಾರೋ ಎತ್ತಿ ಬೇರೆ ಕಡೆ ಹಾಕಿದ್ದರು. ಗಾಳಿ ಬರುವ ಹೆಲ್ಮೆಟ್ಟು ಇಬ್ಬರಿಗೆ ಒಂದು. ಒಬ್ಬ ತಲೆಯಿಂದ ತೆಗೆದದ್ದನ್ನು ಮುಂದಿನ ಪಾಳಿಯವನು ಬಿಸಿಯಾಗಿರುವಾಗಲೇ ಹಾಕಿಕೊಳ್ಳುತ್ತಿದ್ದ. ಕಾಫಿಯ ಕ್ಯಾಬಿನ್ ನೆನಪಿದೆಯಲ್ಲ, ಹನ್ನೆರಡು ಜನರ ಬೆಂಚುಗಳಲ್ಲಿ ಮೂವತ್ತು ಜನ. ಹೊರಗಿನ ಚಳಿಗೆ ಹೆದರಿ ಕಿಟಕಿ ಮುಚ್ಚಿ, ಹೀಟರಿನ ಮೇಲೆ ಒದ್ದೆ ಕೈಗವಸು ಒಣಗಿಸಿ, ತೊಟ್ಟು ನೀರಿನಲ್ಲಿ ತೊಳೆದ ಕಪ್ಪುಗಳನ್ನು ಒಬ್ಬರಿಂದೊಬ್ಬರಿಗೆ ದಾಟಿಸಿಕೊಂಡು. ಎಲ್ಲರಿಗೂ ಕೆಮ್ಮು. ಚೆಸ್ಲೋವಾಸ್ "ನಮ್ಮ ಕ್ಯಾಬಿನ್ನಿನ ಬ್ಯಾಂಡ್‌ಸೆಟ್ಟು" ಎಂದು ನಗಿಸುತ್ತಿದ್ದರು. ರೊಮೇನಿಯಾದ ಒಬ್ಬ ಎಲೆಕ್ಟ್ರಿಷಿಯನ್‌ನನ್ನು ಆಸ್ಪತ್ರೆಗೆ ಒಯ್ದರು ಎಂಬ ಸುದ್ದಿ ಬಂತು, ಯಾರೂ ಅದನ್ನು ಇದಕ್ಕೆ ಸೇರಿಸಿ ನೋಡಲಿಲ್ಲ. ನಾನೂ ನೋಡಲಿಲ್ಲ. ಪ್ರತಿ ಸೋಮವಾರ ಹೊಸಬರನ್ನು ಕೂರಿಸಿಕೊಂಡು ಬೆಂಕಿ, ಎತ್ತರ, ಕ್ರೇನು, ಕರೆಂಟು ಎಂದು ಪಾಠ ಹೇಳಿದೆ. ನನ್ನ ಪಟ್ಟಿಯಲ್ಲಿ ಕೆಮ್ಮಿಗೆ ಜಾಗವೇ ಇರಲಿಲ್ಲ.

ಆ ಸೋಮವಾರ ನಾನು ಕ್ಲೈಪೆಡಾದಲ್ಲಿದ್ದೆ, ಮಾರನೆಯ ದಿನ ಅಮ್ಮನ ಕಣ್ಣಿನ ಆಪರೇಷನ್ ಇತ್ತು. ಸಂಜೆ ಏಳಕ್ಕೆ ನೀನು ಫೋನ್ ಮಾಡಿದೆ. "ಭಾವಂಗೆ ಮತ್ತೆ ಸತು ಹತ್ತಿದೆ ಅಕ್ಕಾ. ಅಡುಗೆಮನೇಲಿ ಕೂತು ಮೇಜನ್ನೇ ಅಲ್ಲಾಡಿಸ್ತಿದಾರೆ." ನಾನು ನಕ್ಕೆ. ಹಿಂದಿನಿಂದ ಅರೂನಾಸ್, "ಅವಳಿಗೆ ಹೇಳು, ನಾನು ಸತ್ತರೆ ಈ ಮೇಜು ನಿಂಗೆ" ಎಂದದ್ದು ನನಗೂ ಕೇಳಿಸಿತು. ಹಾಲು ಬಿಸಿ ಮಾಡಿ ಕೊಡು, ಎರಡು ಕಂಬಳಿ ಹೊದಿಸು, ಮಲಗಿಸು, ನಾಳೆ ಹಾಡು ಹೇಳುತ್ತಾನೆ ಎಂದೆ. ನಾನು ಹೇಳಿದ ಮಾತು ಇದು. ನೀನು ಅಕ್ಷರ ತಪ್ಪದೆ ಹಾಗೇ ಮಾಡಿದೆ. ಬೆಳಗ್ಗೆ ಐದೂವರೆಗೆ ಬಗ್ಗಿ ನೋಡಿದೆ. ಮೈ ಸುಡುತ್ತಿತ್ತು, ಆದರೆ ನಿದ್ದೆ ಬಂದಿತ್ತು. ಥರ್ಮಾಸ್‌ನಲ್ಲಿ ಹಾಲು ತುಂಬಿ ತಲೆಯ ಹತ್ತಿರ ಇಟ್ಟೆ, ಪರದೆ ಎಳೆದೆ, ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಕೆಲಸಕ್ಕೆ ಹೋದೆ. ಸಂಜೆ ನಾಲ್ಕೂವರೆಗೆ ನೀನು ಬಂದಾಗ ಅವನ ತುಟಿ ನೀಲಿಗಟ್ಟಿತ್ತು, ಗೋಡೆಯ ಜೊತೆ ಮಾತಾಡುತ್ತಿದ್ದ. ನಿನಗೆ ಬರುವ ನಲವತ್ತು ಫಿನ್ನಿಷ್ ಪದಗಳಲ್ಲಿ ನೀನೇ ಆಂಬುಲೆನ್ಸ್ ಕರೆದೆ, ಮನೆ ನಂಬರನ್ನು ಮೂರು ಸಲ ಕೂಗಿ ಹೇಳಿದೆ. ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸದೆ ಮೂರು ಮಹಡಿ ಅವನ ಕಾಲಿನ ಕಡೆ ನೀನೇ ಹೊತ್ತು ಇಳಿಸಿದೆ. ಎದುರು ಮನೆಯ ಮುದುಕಿ ಇದನ್ನೆಲ್ಲ ನನಗೆ ಹೇಳಿದ್ದಾಳೆ. ನೀನು ಹೇಳಲಿಲ್ಲ.

ಬುಧವಾರ ಬೆಳಗಿನ ವಿಮಾನಕ್ಕೆ ನಾನು ಬಂದೆ. ಗಾಜಿನ ಆಚೆ ಅವನು ಮಲಗಿದ್ದ, ಬಾಯೊಳಗೆ ಕೊಳವೆ. ನ್ಯುಮೋನಿಯಾ, ರಕ್ತದಲ್ಲೆಲ್ಲ ಹರಡಿದೆ, ಇನ್ನು ಉಳಿಯುವುದಿಲ್ಲ ಎಂದರು. ಲೋಹದ ಹೊಗೆ ಕುಡಿದ ಶ್ವಾಸಕೋಶದಲ್ಲಿ ಆ ರೋಗಾಣು ಬೇಗ ಬೇರೂರುತ್ತದಂತೆ, ಇಕ್ಕಟ್ಟಿನಲ್ಲಿ ಒಬ್ಬರಿಂದೊಬ್ಬರಿಗೆ ಹಬ್ಬುತ್ತದಂತೆ. ಅಲ್ಲಿಯ ಡಾಕ್ಟರ್ ಸಣ್ಣ ವಯಸ್ಸಿನ ಹೆಂಗಸು, ದಣಿದಿದ್ದಳು. ನೀನು ನನ್ನ ತೋಳು ಹಿಡಿದು, "ನಿನ್ನೆ ಬೆಳಗ್ಗೇನೇ ತಂದಿದ್ರೆ? ಕೇಳು ಅಕ್ಕಾ. ಕೇಳು" ಎಂದೆ. ಕೇಳಿದೆ. ಇಲ್ಲಿಯವರು ಬೆಣ್ಣೆ ಹಚ್ಚಿ ಮಾತಾಡುವವರಲ್ಲ. ಬೆಳಗ್ಗೆಯೇ ಬಂದಿದ್ದರೆ ಬಹುಶಃ ಬದುಕುತ್ತಿದ್ದ ಎಂದಳು. ಹನ್ನೊಂದು ವರ್ಷದಲ್ಲಿ ನಾನು ಯಾರ ಮಾತನ್ನೂ ತಿದ್ದಿ ದಾಟಿಸಿದವಳಲ್ಲ. ಅಂದು ಒಂದೇ ಒಂದು ಮಾತು ತಿದ್ದಬಹುದಿತ್ತು. ಹೇಳಲಾಗುವುದಿಲ್ಲ ಎನ್ನುತ್ತಿದ್ದಾರೆ ಎಂದು ನಿನಗೆ ಹೇಳಬಹುದಿತ್ತು. ಅವಳು ಹೇಳಿದ್ದನ್ನು ಹೇಳಿದ ಹಾಗೇ ದಾಟಿಸಿದೆ. ನೀನು ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತೆ. ಮಧ್ಯಾಹ್ನ ಒಂದೂ ಕಾಲಿಗೆ ಅವನು ಹೋದ. ಅಷ್ಟು ಹೊತ್ತೂ ನೀನು ಅಲ್ಲಿಂದ ಏಳಲಿಲ್ಲ.

ನೀನು ಹೋದಮೇಲೆ ನಡೆದದ್ದು ನಿನಗೆ ಗೊತ್ತಿರಲಿಕ್ಕಿಲ್ಲ. ಐದು ವಾರದಲ್ಲಿ ಮೂವತ್ತನಾಲ್ಕು ಜನ ಮಲಗಿದರು. ಅರೂನಾಸ್ ಹೋದ, ಆ ರೊಮೇನಿಯಾದವನು ಹೋದ, ಉಳಿದವರು ಉಳಿದರು. ಏಪ್ರಿಲ್‌ನಲ್ಲಿ ರಾಜಧಾನಿಯಿಂದ ಆರೋಗ್ಯ ಇಲಾಖೆಯವರು ಬಂದು ಕ್ಯಾಂಟೀನಿನಲ್ಲಿ ಮೇಜು ಹಾಕಿ ಎಲ್ಲರಿಗೂ ಲಸಿಕೆ ಹಾಕಿದರು. ಸಾಲು ಗೇಟಿನ ತನಕ. ಎರಡಾಳು ಎತ್ತರದ ಒಬ್ಬ ಎಸ್ಟೋನಿಯಾದವನು ಸೂಜಿ ಕಂಡು ಕಣ್ಣು ಮೇಲೆ ಮಾಡಿ ಕುಸಿದ. "ಇಪ್ಪತ್ತು ಮಿಲಿಮೀಟರ್ ಉಕ್ಕು ಸೀಳೋನು ಕಣ್ರೋ ಇವ್ನು. ಎತ್ತಿ ನಮ್ಮ ಮದುವಣಗಿತ್ತೀನ" ಎಂದು ಚೆಸ್ಲೋವಾಸ್ ಕೂಗಿದಾಗ ಕ್ಯಾಂಟೀನೆಲ್ಲ ನಕ್ಕಿತು. ತಿಂಗಳಾದಮೇಲೆ ಮೊದಲ ಸಲ ನಾನೂ ನಕ್ಕೆ. ತಪ್ಪು ತಿಳಿಯಬೇಡ.

ಅದಾದ ಮೇಲೆ ಕಾಯಿಲೆ ಬಿದ್ದು ಎದ್ದವರನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಿದರು. ಇಲಾಖೆಯ ಡಾಕ್ಟರ್ ಕೈಸಾ ಎಂಬವರು ಪ್ರಶ್ನೆ ಕೇಳುವುದು, ನಾನು ನಡುವೆ ಕೂತು ದಾಟಿಸುವುದು. ಎಂದಿನಿಂದ ಜ್ವರ, ಯಾರ ಪಕ್ಕ ಕೂತಿದ್ದೆ, ಸಿಗರೇಟು ಸೇದುತ್ತೀಯಾ, ಹೀಗೇ. ಕೊನೆಯ ಪ್ರಶ್ನೆ, ಚಳಿಜ್ವರ ಬಂದಮೇಲೂ ಯಾಕೆ ಒಂದು ದಿನ, ಎರಡು ದಿನ ಮನೆಯಲ್ಲೇ ಇದ್ದೆ? ಮೊದಲನೆಯವನು ಹೇಳಿದ, "ಸತು ಅಂದ್ಕೊಂಡೆ. ಹಾಲು ಕುಡಿದು ಮಲಗಿದೆ." ಎರಡನೆಯವನೂ ಅದನ್ನೇ ಹೇಳಿದ. ಪೋಲಂಡಿನವನು, ಯುಕ್ರೇನಿನವನು, ನಮ್ಮ ಶಿಯೌಲೈ ಕಡೆಯವನು, ಬೇರೆ ಬೇರೆ ಭಾಷೆಯಲ್ಲಿ ಅದೇ ಹಾಲು. ಬೆಸುಗೆಯ ಕೆಲಸದ ಇಪ್ಪತ್ತೊಂದು ಜನ ಹಾಗೆ ಕಾದಿದ್ದರು. ಆರನೆಯವನ ಹೊತ್ತಿಗೆ ಕೈಸಾ ಪೆನ್ನು ಕೆಳಗಿಟ್ಟು, "ಏನಿದು ಸತು?" ಎಂದು ನನ್ನನ್ನೇ ಕೇಳಿದರು. ಅವರ ಪುಸ್ತಕಗಳಲ್ಲಿ ಆ ಜ್ವರವಿದೆ, ಅದು ಅವರಿಗೆ ಗೊತ್ತು. ಬೀದಿಗೆ ಬೀದಿಯೇ ಅದಕ್ಕೆ ಹಾಲು ಕಾಯಿಸುತ್ತದೆ, ಅದರ ಭರವಸೆಯ ಮೇಲೆ ಮಲಗಿ ನಿದ್ದೆ ಹೋಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ವಿವರಿಸಿದೆ. ಅಪ್ಪನ ಮಂಚದ ವಿಚಾರವನ್ನೂ ಹೇಳಿದೆ, ಯಾಕೋ ತಿಳಿಯದು. ಅವರು ನನಗೊಂದು ಲೋಟ ನೀರು ತರಿಸಿದರು.

ಈಗ ಕ್ಯಾಬಿನ್ನಿನ ಬಾಗಿಲಿಗೆ ಐದು ಭಾಷೆಗಳಲ್ಲಿ ಒಂದು ಚೀಟಿ ಅಂಟಿಸಿದ್ದಾರೆ. ಮೈ ನಡುಗಿದರೆ ಬೆಳಗಾಗಲಿ ಎಂದು ಕಾಯಬೇಡಿ. ಲಿಥುವೇನಿಯನ್‌ನಲ್ಲಿ ಅದನ್ನು ಬರೆದದ್ದು ನಾನು. ಐದು ಪದ. ಒಂದು ಸಂಜೆ ಪೂರ್ತಿ ಹಿಡಿಯಿತು. ಕ್ಯಾಬಿನ್ನುಗಳು ಈಗ ಎರಡರಷ್ಟಾಗಿವೆ, ಹೆಲ್ಮೆಟ್ಟು ಒಬ್ಬರಿಗೊಂದು ಬಂದಿದೆ, ಹೊಗೆ ಎಳೆಯುವ ಕೊಳವೆಯನ್ನು ಮುಟ್ಟಿದವರಿಗೆ ಚೆಸ್ಲೋವಾಸ್ ಹೇಳುವ ಮಾತನ್ನು ನಾನು ಯಾವ ಭಾಷೆಗೂ ದಾಟಿಸುವುದಿಲ್ಲ.

ಎಷ್ಟೋ ಸಲ ಕೂತು ಯೋಚಿಸಿದ್ದೇನೆ. ತಿಳಿಯದೆ ತಪ್ಪುವವರನ್ನು ಜನ ಕ್ಷಮಿಸುತ್ತಾರೆ. ನಮಗೆ ತಿಳಿದಿತ್ತು. ಅಪ್ಪನಿಂದ ತಿಳಿದಿತ್ತು, ಅಮ್ಮನ ಒಲೆಯಿಂದ ತಿಳಿದಿತ್ತು, ನಲವತ್ತು ವರ್ಷ ಒಂದು ಸಲವೂ ಸುಳ್ಳಾಗದೆ ತಿಳಿದಿತ್ತು. ಅಷ್ಟು ಚೆನ್ನಾಗಿ ತಿಳಿದಿದ್ದರಿಂದಲೇ ಒಂದು ಹಗಲು ಕಳೆದುಹೋಯಿತು. ನೀನು ಹಾಲು ಕಾಯಿಸಿದ್ದು, ಪರದೆ ಎಳೆದದ್ದು, ಸದ್ದಾಗದಂತೆ ಬಾಗಿಲು ಮುಚ್ಚಿದ್ದು, ಇದರಲ್ಲಿ ಯಾವುದನ್ನು ನಾನು ತಪ್ಪು ಎನ್ನಲಿ? ಚಿಕ್ಕಂದಿನಲ್ಲಿ ನಿನ್ನನ್ನು ಹಾಗೇ ಮಲಗಿಸುತ್ತಿದ್ದವಳು ನಾನು.

ಕಾಗದ ಉದ್ದವಾಯಿತು. ಮೇಸ್ತ್ರಿ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ. ಎದುರು ಮನೆಯ ಮುದುಕಿ "ಆ ಒಳ್ಳೆಯ ಹುಡುಗ" ಎಂದೇ ನಿನ್ನನ್ನು ಕರೆಯುತ್ತಾಳೆ, ನಲವತ್ತಕ್ಕೆ ಹತ್ತಿರ ಬಂದವನನ್ನು. ಅಮ್ಮ ನಿನ್ನ ಹಣೆಗೆ ಶಿಲುಬೆಯ ಗುರುತಿಟ್ಟು ಮುತ್ತು ಕೊಟ್ಟಿದ್ದಾಳೆ, ಫೋನಿನ ಮೇಲೆಯೇ. ನಾನು ಅದನ್ನು ಇಲ್ಲಿ ಇಳಿಸುತ್ತಿದ್ದೇನೆ. ನಿನ್ನ ಉಸಿರು ಹಗುರವಾಗಿರಲಿ, ನಿನ್ನ ಕೈಗೆ ಕೆಟ್ಟದಾಗದಿರಲಿ.

ಎಂದೆಂದೂ ನಿನ್ನ ಅಕ್ಕ,
ಯುರ್ಗಿತಾ

ವಿ.ಸೂ.: ಲಕೋಟೆ ಅಂಟಿಸಿ ಅಂಚೆಡಬ್ಬಿಯ ತನಕ ಹೋಗಿ ವಾಪಸು ಬಂದೆ. ಸಾಲಾಗಿ ಬರೆಯುತ್ತೇನೆ ಎಂದು ಹೇಳಿ ಒಂದು ವಿಷಯ ಬಿಟ್ಟುಬಿಟ್ಟೆ. ಮಂಗಳವಾರ ಬೆಳಗ್ಗೆ ಹತ್ತೂ ಕಾಲಿಗೆ ಅರೂನಾಸ್ ನನಗೆ ಫೋನ್ ಮಾಡಿದ್ದ. ನೀನು ಟ್ಯಾಂಕಿನೊಳಗಿದ್ದೆ, ನಿನಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ನಾನು ಅಮ್ಮನ ಜೊತೆ ಕಣ್ಣಿನ ಆಸ್ಪತ್ರೆಯ ಬೆಂಚಿನ ಮೇಲಿದ್ದೆ. ಎರಡು ಪದಕ್ಕೊಮ್ಮೆ ಅವನ ಉಸಿರು ನಿಲ್ಲುತ್ತಿತ್ತು. ಬಲಪಕ್ಕೆಯಲ್ಲಿ ಚೂರಿ ಆಡಿದ ಹಾಗಿದೆ, ಉಗುಳಿದರೆ ತುಕ್ಕಿನ ಬಣ್ಣ ಎಂದ. "ಇದು ಸತು ಅಲ್ಲ ಅನ್ಸುತ್ತೆ ಯುರ್ಗಾ. ಆಂಬುಲೆನ್ಸಿನವರಿಗೆ ನೀನೇ ಹೇಳ್ತೀಯಾ? ನಂಗೆ ಅವರ ಭಾಷೇಲಿ ಹೇಳಕ್ಕೆ ಉಸಿರು ಸಾಲ್ತಿಲ್ಲ." ಅಷ್ಟರಲ್ಲಿ ಅಮ್ಮನ ಹೆಸರು ಕೂಗಿದರು. ಇನ್ನೊಂದು ಲೋಟ ಹಾಲು ಕುಡಿ, ಮಧ್ಯಾಹ್ನ ನೋಡೋಣ ಎಂದೆ. ಆಯ್ತು ಎಂದ. ವಾರಕ್ಕೆ ಹತ್ತು ಜನರ ಪರವಾಗಿ ಆಸ್ಪತ್ರೆಗೆ ಫೋನ್ ಮಾಡುವವಳು ನಾನು, ಮಧ್ಯಾಹ್ನ ಮರೆತೆ. ಆ ಡಾಕ್ಟರ್ ಬೆಳಗ್ಗೆ ಎಂದದ್ದು ಈ ಬೆಳಗ್ಗೆಯನ್ನು. ನನಗೆ ಸೇರಿದ ಮಾತನ್ನು ನಿನ್ನ ಕಿವಿಗೆ ದಾಟಿಸಿ ನಾನು ಸುಮ್ಮನಾದೆ, ಏಳು ತಿಂಗಳು ಅದನ್ನು ನೀನೇ ಹೊತ್ತುಕೊಂಡು ತಿರುಗಲು ಬಿಟ್ಟೆ. ಎರಡನೇ ತಾರೀಕು ಬಾರದಿದ್ದರೆ ನನ್ನ ಮೇಲಿನ ಸಿಟ್ಟಿಗೆ ಬಾರದಿರು, ನಿನ್ನ ಮೇಲಿನ ಸಿಟ್ಟಿಗೆ ಬೇಡ. ಅಮ್ಮನಿಗೆ ಅಂದು ನಾನೇ ಹೇಳುತ್ತೇನೆ, ನೀನಿದ್ದರೂ, ಇಲ್ಲದಿದ್ದರೂ. ಇನ್ನೊಂದು ಮಾತು. ಅಲ್ಲಿ ಎಂದಾದರೂ ಮೈ ನಡುಗಿದರೆ, ಯಾವ ಹೊತ್ತಾದರೂ ಸರಿ, ನನಗೆ ಫೋನ್ ಮಾಡಿ ಕೇಳಬೇಡ. ನೀನೇ ಆಂಬುಲೆನ್ಸ್ ಕರೆ.